ಶ್ರವಣ ನಮ್ಮ ಹೊಟ್ಟೆಯೊಳಗಿಲ್ಲ

ನಮ್ಮ ತಾಳವಾಡಿ ಸೀಮೆಯಲ್ಲಿ ಮಾದಪ್ಪನ ಕತೆ ಕೇಳದೆ ಬೆಳೆದವರು ಕಡಿಮೆ. ಅದರಲ್ಲಿ ಶ್ರವಣನ ಸಾಲು ಬರುತ್ತಲ್ಲ, ಅದಕ್ಕೆ ಈಚೆಗೆ ಒಂದು ಅರ್ಥ ಹೇಳೋದು ರೂಢಿಯಾಗಿದೆ. ಶ್ರವಣಾಸುರ ಅಂದರೆ ನಮ್ಮೊಳಗಿನ ಅಹಂಕಾರವಂತೆ. ಮಾದಪ್ಪ ಅಂದರೆ ಜ್ಞಾನವಂತೆ. ಮೇಷ್ಟ್ರುಗಳೂ ಹೀಗೇ ಹೇಳ್ತಾರೆ, ವೇದಿಕೆ ಹತ್ತಿದ ದೊಡ್ಡವರೂ ಹೀಗೇ ಹೇಳ್ತಾರೆ. ಏಳನೇ ಕ್ಲಾಸು ಓದಿ ನಲವತ್ತು ವರ್ಷ ಕಂಸಾಳೆ ಹಿಡಿದ ನಾನು ಒಪ್ಪೋದಿಲ್ಲ.

ಸಾಲು ಏನು ಹೇಳುತ್ತೆ ನೋಡಿ. ಬಂಕಾಪುರಿಯ ದೊರೆ ಶ್ರವಣ ದೇವಾನುದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ಚಾಕರಿ ಮಾಡಿಸ್ತಾನೆ. ಕೂಲಿ ಇಲ್ಲ, ಬಿಡುಗಡೆ ಇಲ್ಲ. ಇದಕ್ಕೆ ನಮ್ಮ ಕಡೆ ಜೀತ ಅಂತಾರೆ. ನಮ್ಮಪ್ಪ ತಂಗಿ ಮದುವೆಗೆ ತಂದ ಸಾಲಕ್ಕೆ ಹನ್ನೊಂದು ವರ್ಷ ಒಬ್ಬ ಸಾಹುಕಾರನ ದನ ಕಾದ. ಸಾಲ ಮಾತ್ರ ತೀರಲಿಲ್ಲ. 1976ರಲ್ಲಿ ಜೀತ ತೆಗೆಯುವ ಕಾನೂನು ಬಂದ ಮೇಲೆ ಮನೆಗೆ ಬಂದ. ಅವನ ಮುಂದೆ ಈ ಸಾಲು ಹಾಡಿದರೆ ಅವನಿಗೆ ಅಹಂಕಾರ ಗ್ಯಾನ ಬರ್ತಿತ್ತೇ? ಸಾಹುಕಾರನ ಜಗಲಿ ಗ್ಯಾನ ಬರ್ತಿತ್ತು. ಈಗಲೂ ಮುಂಗಡ ತಕ್ಕೊಂಡು ಇಟ್ಟಿಗೆ ಗೂಡಿಗೆ ಹೋದವರನ್ನು ಕೇಳಿ, ಶ್ರವಣ ಯಾರು ಅಂತ ಅವರೇ ಹೇಳ್ತಾರೆ.

ಇನ್ನು ಕೆಲವರು ಹೆಸರು ನೋಡಿ ಶ್ರವಣ ಜೈನರ ದೊರೆ ಅಂತಾರೆ. ಮಲೆಯೂರಿನ ಕನಕಗಿರಿ ನಮಗೇನು ದೂರವಲ್ಲ, ಬೆಟ್ಟದ ಮೇಲೆ ಬಸದಿ ಇವತ್ತೂ ಇದೆ. ಪಕ್ಕದವರನ್ನು ಅಸುರ ಅನ್ನೋಕೆ ಒಂದು ಹೆಸರಿನ ಹೋಲಿಕೆ ಸಾಕೇ?

ನನ್ನ ಸಿಟ್ಟು ಇರೋದು ಇನ್ನೊಂದು ಕಡೆ. ಆ ಅಸುರ ಸತ್ತದ್ದು ಹೇಗೆ? ಮಾದಪ್ಪ ಕತ್ತಿ ಎತ್ತಲಿಲ್ಲ. ಹರಳಯ್ಯನ ಕೈಲಿ ಅರಗಿನ ಮೆಟ್ಟು ಮಾಡಿಸಿದ. ಶ್ರವಣ ಆಸೆಪಟ್ಟು ಮೆಟ್ಟಿದ, ಉರಿ ತಾಗಿತು, ಅರಗಿನ ಜೊತೆ ಅವನೂ ಹೋದ. ಮೆಟ್ಟು ಹೊಲಿಯುವವನ ಕೈಕೆಲಸ ಇಲ್ಲದೆ ದೇವರಿಗೂ ಸೆರೆ ಬಿಡಿಸೋಕೆ ಆಗಲಿಲ್ಲ! ಅಸುರನನ್ನು ಅಹಂಕಾರ ಅಂದುಬಿಟ್ಟರೆ ಈ ಮೆಟ್ಟಿಗೆ ಏನು ಅರ್ಥ ಹೇಳ್ತೀರಿ? ಹೇಳೋಕೆ ಬರೋಲ್ಲ, ಅದಕ್ಕೇ ಬಿಟ್ಟುಬಿಡ್ತಾರೆ. ಹೋದ ವರ್ಷ ಒಂದು ಶಾಲೆಯ ಕಾರ್ಯಕ್ರಮದಲ್ಲಿ ಮಕ್ಕಳು ಹತ್ತು ನಿಮಿಷದ ಶ್ರವಣ ಸಂಹಾರ ಆಡಿದವು. ರಟ್ಟಿನ ತ್ರಿಶೂಲದಲ್ಲಿ ಚುಚ್ಚಿ ಕೊಂದವು. ಹರಳಯ್ಯ ಇರಲೇ ಇಲ್ಲ. ನೋಡೋಕೆ ಕೂತಿದ್ದವರಲ್ಲಿ ಅವನ ಕುಲದ ಕೇರಿಯ ತಾಯಂದಿರೂ ಇದ್ದರು. ಅವರ ಮಕ್ಕಳಿಗೆ ಬಣ್ಣ ಹಚ್ಚಿ ಮರದ ವೇಷ ಕೊಟ್ಟು ಹಿಂದೆ ನಿಲ್ಲಿಸಿದ್ದರು.

ಮೇಷ್ಟ್ರೇ, ನಮ್ಮ ಬಾಯಿಮಾತು ಬೇಡ ಅಂದರೆ ಪಿ.ಕೆ. ರಾಜಶೇಖರ ಅವರು ಹಾಡುವವರ ಬಾಯಿಂದಲೇ ಬರೆದುಕೊಂಡು 1973ರಲ್ಲಿ ಅಚ್ಚು ಹಾಕಿಸಿದ ಮಲೆಯ ಮಾದೇಶ್ವರದ ಪುಸ್ತಕ ತರಿಸಿ ಓದಿ. ಹೊತ್ತು ಸಾಲದಿದ್ದರೆ ಕುಣಿತ ಕಡಿಮೆ ಮಾಡಿ, ಹರಳಯ್ಯನನ್ನು ಇಟ್ಟುಕೊಳ್ಳಿ. ಆ ವೇಷ ಯಾರ ಮನೆ ಮಗ ಹಾಕ್ತಾನೆ ಅಂತ ಕೇರಿಯಲ್ಲೇ ಕೇಳಿ. ಪದ ಬೇಕಿದ್ದರೆ ರಾಗಿ ಕೊಯ್ಲು ಮುಗಿದ ಮೇಲೆ ಸಂಜೆ ಹೊತ್ತು ನಾನೇ ಬಂದು ಹೇಳಿಕೊಡ್ತೀನಿ. ಕಂಸಾಳೆ ನಾನೇ ತರ್ತೀನಿ.