ಎರಡನೆಯ ಟೆಲಿವಿಷನ್ನಿನ ಲೆಕ್ಕ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ. ಆದರೆ ಹಾಸಿಗೆಯ ಉದ್ದವೇ ತಿಳಿಯದಿದ್ದರೆ ಕಾಲು ಚಾಚುವುದಾದರೂ ಹೇಗೆ? ಉಪಗ್ರಹದ ಮೂಲಕ ಮನೆಮನೆಗೂ ಬರುತ್ತಿರುವ ಟೆಲಿವಿಷನ್ನಿನ ಖರ್ಚು ಇಂದು ಇಂತಹ ಅಳತೆ ಸಿಗದ ಹಾಸಿಗೆಯಾಗಿದೆ. ಒಂದೇ ಮನೆಯಲ್ಲಿ ಎರಡು ಟಿ.ವಿ.ಗಳಿದ್ದರಂತೂ ಕೇಳುವುದೇ ಬೇಡ. ಕಾಲೇಜಿನ ಸಂಚಿಕೆಗೆ ಇದು ತೀರ ಚಿಕ್ಕ ವಿಷಯವೆಂದು ಕೆಲವು ಮಿತ್ರರು ನಗಬಹುದು. ನನ್ನ ಮನೆಯ ಲೆಕ್ಕವನ್ನು ಒಮ್ಮೆ ಕೇಳಿ ಆಮೇಲೆ ನಗಲಿ ಎಂದು ಅವರಲ್ಲಿ ನನ್ನ ವಿನಂತಿ.

ನಮ್ಮದು ಮಳೆಯನ್ನು ನಂಬಿದ ಬೇಸಾಯದ ಮನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. 2022ರಲ್ಲಿ ಅಣ್ಣನ ಮದುವೆಯಾಗಿ, ಅವನ ಕೋಣೆಗೆ ಹೊಸ ಟಿ.ವಿ. ಬಂದಿತು. ನಡುಮನೆಯ ಸಂಪರ್ಕ ತಂದೆಯವರ ಹೆಸರಿನಲ್ಲಿತ್ತು. ಡಿಶ್ ಕೂಡಿಸಲು ಬಂದವನು ಅಣ್ಣನ ಹೆಸರಿನಲ್ಲಿ ಬೇರೆಯೇ ಸಂಪರ್ಕ ಕೊಟ್ಟು, ಇನ್ನೊಂದು ಡಿಶ್ಶನ್ನೂ ನಿಲ್ಲಿಸಿ ಹೋದನು. ತಿಂಗಳು ತಿಂಗಳೂ ಎರಡು ರೀಚಾರ್ಜು. ಮರುವರ್ಷ ನಾನು ಬಿ.ಎ.ಗೆ ಸೇರುವಾಗ ತಂದೆಯವರು ಶುಲ್ಕಕ್ಕಾಗಿ ಕೈಗಡ ತಂದರು. ಅಂದು ರಾತ್ರಿ, "ಓದಿದವನು ನೀನು, ಈ ಡಿಶ್ಶಿನ ದುಡ್ಡು ಎಲ್ಲಿಗೆ ಹೋಗ್ತದೆ ನೋಡಪ್ಪ" ಎಂದರು.

ನೋಡಿದೆ. ಈ ಖರ್ಚಿನಲ್ಲಿ ಎರಡು ಭಾಗಗಳುಂಟು: ಸಂಪರ್ಕಕ್ಕಾಗಿ ಕಂಪನಿಗೆ ಸಲ್ಲುವ ಮೂಲ ಶುಲ್ಕ ಒಂದು, ನಾವು ಆರಿಸಿದ ಚಾನೆಲುಗಳ ಬೆಲೆ ಇನ್ನೊಂದು. ಟ್ರಾಯ್ ಸಂಸ್ಥೆಯು 2020ರಲ್ಲಿ ಮಾಡಿದ ತಿದ್ದುಪಡಿಯಂತೆ, 200 ಚಾನೆಲುಗಳವರೆಗೆ ಮೂಲ ಶುಲ್ಕವು ತಿಂಗಳಿಗೆ 130 ರೂಪಾಯಿ ಮೀರುವಂತಿರಲಿಲ್ಲ. ಒಂದೇ ಮನೆಯಲ್ಲಿ ಒಬ್ಬರದೇ ಹೆಸರಿನಲ್ಲಿ ಹಲವು ಸಂಪರ್ಕಗಳಿದ್ದರೆ, ಎರಡನೆಯದರಿಂದ ಮುಂದಕ್ಕೆ ಅದರ ನೂರಕ್ಕೆ 40, ಎಂದರೆ ಹೆಚ್ಚೆಂದರೆ 52 ರೂಪಾಯಿ. ನೂರಕ್ಕೆ 18ರ ತೆರಿಗೆ ಸೇರಿದಾಗ, ಎರಡು ಹೆಸರಿನ ಎರಡು ಸಂಪರ್ಕಗಳಿಗೆ 306 ರೂ. 80 ಪೈಸೆ, ಒಂದೇ ಹೆಸರಿನಲ್ಲಿದ್ದರೆ 214 ರೂ. 76 ಪೈಸೆ. ವರ್ಷಕ್ಕೆ 1,104 ರೂಪಾಯಿಗಳ ವ್ಯತ್ಯಾಸ! ಹೆಸರು ಬೇರೆಯಾದುದಕ್ಕೆ ನಾವು ತೆತ್ತ ದಂಡವಿದು. ಇನ್ನೊಂದು ಡಿಶ್ ಕೂಡ ಬೇಕಿರಲಿಲ್ಲ. ಅದರ ಮುಂದೆ ಚಾಚಿರುವ ಎಲ್.ಎನ್.ಬಿ. ಎಂಬ ಭಾಗವು ಎರಡು ತಂತಿಗಳನ್ನು ಕೊಡುವಂತಹದಾಗಿದ್ದರೆ, ಒಂದೇ ಡಿಶ್ಶಿನಿಂದ ಎರಡು ಬಾಕ್ಸುಗಳು ನಡೆಯುತ್ತವೆ.

"ನನ್ನ ಹೆಸರಿನದನ್ನೇ ಏಕೆ ತೆಗೆಯಬೇಕು?" ಎಂದು ಅಣ್ಣ ಎರಡು ದಿನ ಮಾತು ಬಿಟ್ಟನು. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ ಮೇಲೆ ಒಪ್ಪಿದನು. ರಿಯಾಯಿತಿಯು ಮೂಲ ಶುಲ್ಕಕ್ಕೆ ಮಾತ್ರವಾದುದರಿಂದ, ಎರಡನೆಯ ಬಾಕ್ಸಿಗೆ ಅತ್ತಿಗೆಯವರು ನಿಜವಾಗಿ ನೋಡುವ ಚಾನೆಲುಗಳನ್ನಷ್ಟೇ ಉಳಿಸಿದೆವು.

ಆದರೆ 2024ರ ಜುಲೈಯಲ್ಲಿ ಟ್ರಾಯ್ ಈ ಮಿತಿಗಳನ್ನೆಲ್ಲ ತೆಗೆದುಹಾಕಿತು. ಕಂಪನಿಯೇ ಶುಲ್ಕವನ್ನು ಗೊತ್ತುಮಾಡಿ ಪ್ರಕಟಿಸಿದರೆ ಸಾಕು. ಪೈಪೋಟಿಯಿಂದ ಗ್ರಾಹಕನಿಗೇ ಲಾಭವೆಂಬುದು ಇದರ ಪರವಾದ ವಾದ. ವಾದವು ಸುಳ್ಳಲ್ಲ. ಆದರೆ ಆ ಲಾಭ ದೊರೆಯುವುದು ಟಾಟಾ ಪ್ಲೇ, ಏರ್‌ಟೆಲ್, ಸನ್ ಡೈರೆಕ್ಟ್, ಡಿಶ್ ಟಿವಿಗಳ ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬಲ್ಲವನಿಗೆ. ಹೆಬ್ಬೆಟ್ಟು ಒತ್ತುವ ನನ್ನ ತಾಯಿಯಂತಹವರಿಗೆ ಮಿತಿಯೇ ರಕ್ಷಣೆ. ಆ ಮಿತಿ ಮರಳಿ ಬರಬೇಕೆಂಬುದು ನನ್ನ ಅಭಿಪ್ರಾಯ. ಅಷ್ಟೇ ಸಾಲದು. ಮಿತಿ ಇದ್ದಾಗಲೂ ನಮಗೆ ಅದರ ಪ್ರಯೋಜನ ದೊರೆಯಲಿಲ್ಲ. ಏಕೆಂದರೆ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆದುದರಿಂದ ಎರಡನೆಯ ಟಿ.ವಿ.ಯ ದರವನ್ನು ಸಂಪರ್ಕ ಕೊಡುವಾಗಲೇ ಕನ್ನಡದಲ್ಲಿ ಬರೆದುಕೊಡುವುದು ಕಡ್ಡಾಯವಾಗಬೇಕು.

ಅಲ್ಲಿಯವರೆಗೆ ನಾವೇ ಕೇಳಬೇಕು. ಎರಡನೆಯ ಬಾಕ್ಸಿಗೆ ಮೂಲ ಶುಲ್ಕವೆಷ್ಟು? ಎರಡೂ ಒಂದೇ ಹೆಸರಿನಲ್ಲಿವೆಯೆ? ಅದಕ್ಕೆ ಬೇರೆ ಚಾನೆಲುಗಳನ್ನು ಆರಿಸಬಹುದೆ? ವಾರ್ತೆ, ಕೃಷಿ ಕಾರ್ಯಕ್ರಮಗಳಷ್ಟೇ ಸಾಕೆನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದ್ದೇ ಇದೆ. ಹಣ ತೆತ್ತು ನೋಡುವ ಚಾನೆಲುಗಳು ಅದರಲ್ಲಿ ಬರುವುದಿಲ್ಲ, ನಿಜ. ಆದರೆ ಡಿಶ್, ಬಾಕ್ಸುಗಳನ್ನು ಒಮ್ಮೆ ಕೊಂಡರೆ ತಿಂಗಳ ಬಾಡಿಗೆಯಿಲ್ಲದೆ ಚಂದನ ವಾಹಿನಿ ಬರುತ್ತದೆ.

ನಾವು ಪದವಿ ಪಡೆಯುವುದು ನೌಕರಿಗೆ ಮಾತ್ರವೆ? ನಮ್ಮನ್ನು ಓದಿಸಲು ಸಾಲ ಮಾಡಿದವರ ಮನೆಯಲ್ಲಿ ಒಂದು ಸಂಜೆ ಕುಳಿತು, ಅವರ ರೀಚಾರ್ಜಿನ ಚೀಟಿಯನ್ನು ಓದಿಹೇಳುವುದೂ ವಿದ್ಯೆಯ ಕೆಲಸವೇ. ಮಿತ್ರರೇ, ಈ ರಜೆಯಲ್ಲಿ ನಿಮ್ಮ ಮನೆಯ ಲೆಕ್ಕ ಮುಗಿಸಿ, ನೆರೆಮನೆಗೂ ಒಮ್ಮೆ ಹೋಗಿಬನ್ನಿ.