ಬೂದಿಯಾದ ಬಳಿಕವಷ್ಟೇ ಕಿವಿಗೊಡುವ ಪ್ರಭುತ್ವ

ಬಡವನಿಗೆ ಸೂರು ಒದಗಿಸುವುದು ಸರಕಾರದ ಔದಾರ್ಯವೇ ಅಥವಾ ಬಡವನ ಹಕ್ಕೇ? ಸರಕಾರಿ ವಸತಿ ಸಮುಚ್ಚಯದಲ್ಲಿ ವಾಸಿಸುವವನು ತನ್ನ ಮನೆಯ ಕೆಟ್ಟ ವಯರಿಂಗ್ ಬಗ್ಗೆ ದೂರು ನೀಡಿದರೆ ಅವನನ್ನು ನಾಗರಿಕನೆಂದು ಪರಿಗಣಿಸಬೇಕೇ ಅಥವಾ ಉಪಕಾರ ಸ್ಮರಣೆ ಇಲ್ಲದವನೆಂದು ಗದರಬೇಕೇ? ಈ ಪ್ರಶ್ನೆಗೆ ಒಂದು ದೇಶದ ಆಡಳಿತ ಕೊಟ್ಟ ತಪ್ಪು ಉತ್ತರಕ್ಕೆ 72 ಮಂದಿ ಜೀವ ತೆತ್ತರು. ಆ ದೇಶ ಬ್ರಿಟನ್. ಆ ಕಟ್ಟಡ ಲಂಡನ್ನಿನ ಉತ್ತರ ಕೆನ್ಸಿಂಗ್ಟನ್‌ನ ಗ್ರೆನ್‌ಫೆಲ್ ಟವರ್. ದಿನ 2017ರ ಜೂನ್ 14.

ಆ ರಾತ್ರಿ ಒಂದು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ನಾಲ್ಕನೆಯ ಮಹಡಿಯ ಒಂದು ಅಡುಗೆ ಮನೆಯಲ್ಲಿ ಫ್ರಿಜ್‌ನಿಂದ ಬೆಂಕಿ ಹೊತ್ತಿಕೊಂಡಿತು. ಅಡುಗೆ ಮನೆಯ ಬೆಂಕಿ ಯಾವ ನಗರದಲ್ಲೂ ಅಪರೂಪವಲ್ಲ. ಆ ಒಂದು ಮನೆಯೊಳಗೇ ಅದು ಆರಿ ಹೋಗಬೇಕಿತ್ತು. ಆದರೆ ಕಿಟಕಿಯ ಮೂಲಕ ಹೊರಗೋಡೆಗೆ ತಗುಲಿದ ಜ್ವಾಲೆ ಸುಮಾರು 20 ನಿಮಿಷಗಳಲ್ಲಿ 24 ಮಹಡಿಗಳ ಕಟ್ಟಡದ ತುದಿಯನ್ನು ಮುಟ್ಟಿತು. ಕಾಂಕ್ರೀಟ್ ಉರಿಯುವುದಿಲ್ಲ. ಉರಿದದ್ದು ಕಾಂಕ್ರೀಟಿನ ಮೇಲೆ ಹೊಸದಾಗಿ ಹೊದಿಸಿದ್ದ ಹೊದಿಕೆ. ಎರಡು ತೆಳುವಾದ ಅಲ್ಯೂಮಿನಿಯಂ ಹಾಳೆಗಳ ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ತುಂಬಿದ್ದ ಹಲಗೆಗಳವು. ಅವುಗಳ ಹಿಂದೆ ಇನ್ನೊಂದು ಉರಿಯುವ ಪದರ. ಇಡೀ ಕಟ್ಟಡಕ್ಕೆ ಇದ್ದ ಮೆಟ್ಟಿಲು ಒಂದೇ. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. 30 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡಗಳಿಗೆ ಸ್ಪ್ರಿಂಕ್ಲರ್ ಬೇಕೆಂದು ಇಂಗ್ಲೆಂಡಿನಲ್ಲಿ 2007ರಲ್ಲಿ ನಿಯಮ ಬಂದಿದ್ದರೂ ಅದು ಹೊಸ ಕಟ್ಟಡಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1974ರಲ್ಲಿ ಪೂರ್ತಿಯಾದ ಈ ಕಟ್ಟಡದ ಬಡವರು ಆ ನಿಯಮದ ಹೊರಗಿದ್ದರು.

ಈ ಹೊದಿಕೆ ಬಂದದ್ದು ಹೇಗೆ? ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಲಂಡನ್ನಿನ ಅತಿ ಶ್ರೀಮಂತ ಪ್ರದೇಶಗಳಲ್ಲೊಂದು. ಅದೇ ಆಡಳಿತದ ಉತ್ತರ ತುದಿಯಲ್ಲಿ ಮೊರೊಕ್ಕೊ, ಸೊಮಾಲಿಯಾ, ಕೆರಿಬಿಯನ್ ದ್ವೀಪಗಳು ಮುಂತಾದೆಡೆಗಳಿಂದ ಬಂದ ಕುಟುಂಬಗಳೂ ಬಿಳಿಯ ಕಾರ್ಮಿಕರೂ ಒತ್ತೊತ್ತಾಗಿ ಬದುಕುತ್ತಾರೆ. ಗ್ರೆನ್‌ಫೆಲ್ ಟವರ್ ಅಲ್ಲಿನ ಲ್ಯಾಂಕಾಸ್ಟರ್ ವೆಸ್ಟ್ ಎಂಬ ಸರಕಾರಿ ವಸತಿ ಸಮುಚ್ಚಯದ ಭಾಗ. ಸುಮಾರು ಒಂದು ಕೋಟಿ ಪೌಂಡ್ ವೆಚ್ಚದ ನವೀಕರಣ ಕಾಮಗಾರಿ 2016ರಲ್ಲಿ ಮುಗಿಯಿತು. ಮನೆಯನ್ನು ಬೆಚ್ಚಗಿಡುವುದು ಹೊದಿಕೆಯ ಒಂದು ಉದ್ದೇಶವಾಗಿತ್ತು. ಸುತ್ತಲಿನ ಪರಿಸರದ ಕಣ್ಣಿಗೆ ಕಟ್ಟಡ ಚಂದ ಕಾಣಬೇಕೆಂಬುದು ಇನ್ನೊಂದು. ಮೊದಲು ಯೋಚಿಸಿದ್ದ ಸತುವಿನ ಹಲಗೆಗಳನ್ನು ಕೈಬಿಟ್ಟು ಅಗ್ಗದ ಅಲ್ಯೂಮಿನಿಯಂ ಹಲಗೆಗಳನ್ನು ಆರಿಸಿದ್ದರಿಂದ ಉಳಿದ ಹಣ ಸುಮಾರು 2 ಲಕ್ಷ 93 ಸಾವಿರ ಪೌಂಡ್. ಹಾಗಾದರೆ ಆ ಸ್ಥಳೀಯಾಡಳಿತ ದಿವಾಳಿಯಾಗಿತ್ತೇ? ಇಲ್ಲ. ಅದರ ಬಳಿ 27 ಕೋಟಿ ಪೌಂಡ್‌ಗಿಂತಲೂ ಅಧಿಕ ಮೀಸಲು ನಿಧಿ ಇತ್ತು. 2014ರಲ್ಲಿ, ಪೂರ್ಣ ತೆರಿಗೆ ಕಟ್ಟುವ ಮನೆಗಳಿಗೆ ತಲಾ 100 ಪೌಂಡ್ ಹಿಂದಿರುಗಿಸಿ ಅದು ಬೆನ್ನು ತಟ್ಟಿಸಿಕೊಂಡಿತ್ತು. ಉಳ್ಳವರಿಗೆ ಮರುಪಾವತಿ, ಇಲ್ಲದವರಿಗೆ ಪ್ಲಾಸ್ಟಿಕ್ ಹೊದಿಕೆ!

ಇದನ್ನು ಆಕಸ್ಮಿಕ ಎನ್ನುವವರಿಗೆ ನಾವು ಒಂದು ಮಾತನ್ನು ನೆನಪಿಸಬೇಕು. ಆಕಸ್ಮಿಕ ಎಂಬುದು ಯಾರಿಗೂ ಗೊತ್ತಿಲ್ಲದೆ ಎರಗುವಂಥದ್ದು. ಇಲ್ಲಿ ಗೊತ್ತಿಲ್ಲದ ಯಾವ ಸಂಗತಿಯಿತ್ತು? 2009ರಲ್ಲಿ ಇದೇ ಲಂಡನ್ನಿನ ಲಕಾನಲ್ ಹೌಸ್ ಎಂಬ ಸರಕಾರಿ ವಸತಿ ಕಟ್ಟಡದಲ್ಲಿ ಬೆಂಕಿ ಹೊತ್ತಿ ಆರು ಮಂದಿ ಸತ್ತಿದ್ದರು. ಅವರಲ್ಲಿ ಮೂವರು ಮಕ್ಕಳು. ಅಗ್ನಿ ಸುರಕ್ಷತೆಯ ಮಾರ್ಗಸೂಚಿಯನ್ನು ಪರಿಷ್ಕರಿಸಿರೆಂದು ಸಾವಿನ ವಿಚಾರಣೆ ನಡೆಸಿದ ಅಧಿಕಾರಿ 2013ರಲ್ಲಿ ಸಚಿವಾಲಯಕ್ಕೆ ಶಿಫಾರಸು ಮಾಡಿದ್ದರು. ನಾಲ್ಕು ವರ್ಷ ಆ ಕೆಲಸ ಮುಗಿಯಲಿಲ್ಲ. ಸರಕಾರ ಅಷ್ಟರಲ್ಲಿ ಬೇರೊಂದು ಉತ್ಸಾಹದಲ್ಲಿತ್ತು. ಉದ್ಯಮಗಳ ಮೇಲಿನ ನಿಯಮಗಳನ್ನು ಕಡಿತಗೊಳಿಸುವುದೇ ಪ್ರಗತಿ ಎಂಬ ಉತ್ಸಾಹವದು.

ಗ್ರೆನ್‌ಫೆಲ್‌ನ ನಿವಾಸಿಗಳೂ ಮೌನವಾಗಿರಲಿಲ್ಲ. 2013ರಲ್ಲಿ ವಿದ್ಯುತ್ ಏರಿಳಿತದಿಂದ ಮನೆಗಳ ಉಪಕರಣಗಳು ಹೊಗೆಯಾಡಿದಾಗ ಅವರು ದೂರಿದರು. ಅಗ್ನಿಶಾಮಕ ವಾಹನದ ದಾರಿ ಇಕ್ಕಟ್ಟಾದಾಗ ದೂರಿದರು. ದೊಡ್ಡ ಸಾವುನೋವು ಸಂಭವಿಸುವ ತನಕ ಆಡಳಿತಕ್ಕೆ ಬುದ್ಧಿ ಬರುವುದಿಲ್ಲ ಎಂಬ ಅರ್ಥದ ಮಾತನ್ನು ನಿವಾಸಿಗಳ ಗುಂಪೊಂದು 2016ರ ನವೆಂಬರ್‌ನಲ್ಲಿ, ಅಂದರೆ ದುರಂತಕ್ಕೆ ಏಳು ತಿಂಗಳ ಮುಂಚೆ, ಬರೆದು ಪ್ರಕಟಿಸಿತು. ಅದಕ್ಕೂ ಮೊದಲು 2013ರಲ್ಲಿ ಹೀಗೆ ಬರೆಯುತ್ತಿದ್ದವರಿಗೆ ಸ್ಥಳೀಯಾಡಳಿತ ಕಳುಹಿಸಿದ್ದು ಎಂಜಿನಿಯರನ್ನಲ್ಲ, ಮಾನಹಾನಿಯ ಆರೋಪ ಹೊತ್ತ ವಕೀಲರ ಪತ್ರವನ್ನು. ದೂರು ಕೊಟ್ಟವರು ಜಗಳಗಂಟರಾದರು. ಅವರ ದೂರು ಕಡತವಾಯಿತು. ಕಡತ ಬೂದಿಯಾದ ಬಳಿಕ ಅದು ಸಾಕ್ಷ್ಯವಾಯಿತು.

ನಿವೃತ್ತ ನ್ಯಾಯಮೂರ್ತಿ ಸರ್ ಮಾರ್ಟಿನ್ ಮೂರ್‌ಬಿಕ್ ಅವರ ವಿಚಾರಣಾ ಆಯೋಗ ತನ್ನ ಅಂತಿಮ ವರದಿಯನ್ನು 2024ರ ಸೆಪ್ಟೆಂಬರ್ 4ರಂದು ಮುಂದಿಟ್ಟಿತು. ಎಲ್ಲ ಸಾವುಗಳನ್ನೂ ತಪ್ಪಿಸಬಹುದಿತ್ತು ಎಂಬುದು ಅದರ ತೀರ್ಮಾನ. ಹೊದಿಕೆ ಮತ್ತು ಶಾಖ ನಿರೋಧಕ ಪದರಗಳನ್ನು ಮಾರಿದ ಕಂಪೆನಿಗಳು ಪರೀಕ್ಷೆಗಳ ವಿಷಯದಲ್ಲಿ ವ್ಯವಸ್ಥಿತವಾಗಿ ಅಪ್ರಾಮಾಣಿಕವಾಗಿ ವರ್ತಿಸಿದವು ಎಂದು ಅದು ಸ್ಪಷ್ಟವಾಗಿ ಹೇಳಿದೆ. ಪ್ರಮಾಣಪತ್ರ ಕೊಟ್ಟ ಸಂಸ್ಥೆಗಳು, ವಾಸ್ತುಶಿಲ್ಪಿಗಳು, ಗುತ್ತಿಗೆದಾರರು, ಸ್ಥಳೀಯಾಡಳಿತ, ಅಗ್ನಿಶಾಮಕ ದಳ, ದಶಕಗಳ ಕಾಲ ಅಪಾಯ ಗೊತ್ತಿದ್ದೂ ಸುಮ್ಮನಿದ್ದ ಕೇಂದ್ರ ಸರಕಾರಗಳು - ಯಾರೂ ಆ ವರದಿಯಲ್ಲಿ ನಿರ್ದೋಷಿಗಳಾಗಿ ಉಳಿದಿಲ್ಲ. 'ಮನೆಯೊಳಗೇ ಇರಿ' ಎಂಬ ಸೂಚನೆಯನ್ನು ಅಗ್ನಿಶಾಮಕ ದಳ ಹಿಂತೆಗೆದುಕೊಂಡದ್ದು ಬೆಳಗಿನ ಜಾವ 2 ಗಂಟೆ 47 ನಿಮಿಷಕ್ಕೆ. ಮೊದಲ ಕರೆ ಹೋಗಿ ಆಗಲೇ ಎರಡು ಗಂಟೆಗೆ ಸಮೀಪವಾಗಿತ್ತು. ಆ ಸೂಚನೆಯನ್ನು ನಂಬಿ ಕಾದವರಲ್ಲಿ ಅನೇಕರು ಮರಳಲಿಲ್ಲ.

ಆದರೂ ಏನಾಯಿತು? 2025ರ ಅಂತ್ಯದವರೆಗೂ ಈ ಸಾವುಗಳಿಗಾಗಿ ಒಬ್ಬರ ಮೇಲೂ ಕ್ರಿಮಿನಲ್ ಆರೋಪ ಹೊರಿಸಲಾಗಿರಲಿಲ್ಲ. ಕಟ್ಟಡವನ್ನು ಕೆಡಹುವ ಕಾಮಗಾರಿ ಮಾತ್ರ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಸಂತ್ರಸ್ತರೆಂದು ಸುಳ್ಳು ಹೇಳಿ ಪರಿಹಾರ ನಿಧಿಯಿಂದ ಹಣ ಹೊಡೆದ ಸಣ್ಣ ಕಳ್ಳರು 2018ರಿಂದಲೇ ಜೈಲು ಸೇರತೊಡಗಿದ್ದರು. ಅವರಿಗೆ ಶಿಕ್ಷೆಯಾದದ್ದು ಸರಿಯೇ. ಆದರೆ ಸಣ್ಣ ಕಳ್ಳನ ಬೆನ್ನು ಹತ್ತುವಾಗ ಅಷ್ಟು ಚುರುಕಾಗಿದ್ದ ಕಾನೂನು, ಅಪಾಯವನ್ನು ಮುಚ್ಚಿಟ್ಟು ಉರಿಯುವ ಹಲಗೆ ಮಾರಿದವರ ಮನೆಬಾಗಿಲಿಗೆ ಹೋಗುವಾಗ ಮಾತ್ರ ಅಷ್ಟೇಕೆ ಕುಂಟುತ್ತದೆ?

ಇಲ್ಲಿ ಒಂದು ವಾದವನ್ನು ಎದುರಿಸಲೇಬೇಕು. ಸರಕಾರ ಮನೆ ಕಟ್ಟಿಸಿದ್ದೇ ತಪ್ಪು, ಬಡವರನ್ನು ಗೋಪುರಗಳಲ್ಲಿ ತುಂಬಿಸಿದ್ದೇ ತಪ್ಪು, ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟುಬಿಡಿ ಎಂಬುದು ಆ ವಾದ. ಚರಿತ್ರೆ ಗೊತ್ತಿಲ್ಲದವರಷ್ಟೇ ಹೀಗೆ ಹೇಳಬಲ್ಲರು. ಉತ್ತರ ಕೆನ್ಸಿಂಗ್ಟನ್ ಮಾರುಕಟ್ಟೆಯ ಕೈಯಲ್ಲಿದ್ದ ಕಾಲವೂ ಒಂದಿತ್ತು. 1950ರ ದಶಕದಲ್ಲಿ ಪೀಟರ್ ರಾಕ್ಮನ್‌ನಂಥ ಮನೆ ಮಾಲಿಕರು ಹಳೆಯ ಮನೆಗಳನ್ನು ಕೋಣೆಕೋಣೆಯಾಗಿ ಹರಿದು, ಬೇರೆಲ್ಲೂ ಬಾಡಿಗೆಗೆ ಮನೆ ಸಿಗದ ವಲಸಿಗರಿಂದ ದುಬಾರಿ ಬಾಡಿಗೆ ಕಿತ್ತುಕೊಳ್ಳುತ್ತಿದ್ದರು. ಮಾಲಿಕನ ಈ ದೌರ್ಜನ್ಯಕ್ಕೆ ಆ ನಾಡಿನ ಭಾಷೆಯಲ್ಲಿ ರಾಕ್ಮನ್‌ನ ಹೆಸರೇ ಪದವಾಗಿ ಉಳಿಯಿತು. ಅಂಥ ಕೊಳೆಗೇರಿಗಳ ಜಾಗದಲ್ಲಿ ಎದ್ದದ್ದು ಸರಕಾರಿ ವಸತಿ ಸಮುಚ್ಚಯಗಳು. ಬಡವನಿಗೂ ಸ್ನಾನದ ಮನೆ, ಬೆಳಕು, ಭದ್ರತೆ ಬೇಕೆಂದು 1919ರ ಕಾಯಿದೆಯಿಂದ ಆರಂಭವಾಗಿ ಎರಡನೆಯ ಮಹಾಯುದ್ಧದ ಬಳಿಕ ಬಲಗೊಂಡ ಆ ಯೋಜನೆ ಬ್ರಿಟನ್‌ನ ದೊಡ್ಡ ಸಾಧನೆಗಳಲ್ಲೊಂದು. 1970ರ ದಶಕದ ಕೊನೆಗೆ ಅಲ್ಲಿನ ಸುಮಾರು ಮೂರನೆಯ ಒಂದರಷ್ಟು ಕುಟುಂಬಗಳು ಇಂಥ ಮನೆಗಳಲ್ಲಿದ್ದವು. ಅದರಲ್ಲಿ ನಾಚಿಕೆಯ ಮಾತೇ ಇರಲಿಲ್ಲ.

ನಾಚಿಕೆಯನ್ನು ಹುಟ್ಟಿಸಿದ್ದು ಆಮೇಲಿನ ರಾಜಕೀಯ. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರಕಾರ ಈ ಮನೆಗಳನ್ನು ಬಾಡಿಗೆದಾರರಿಗೇ ರಿಯಾಯಿತಿ ದರದಲ್ಲಿ ಮಾರುವ ಕಾಯಿದೆ ತಂದಿತು. ಕೊಂಡ ಕುಟುಂಬಗಳಿಗೆ ಲಾಭವಾಯಿತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಾರಿದಷ್ಟನ್ನು ಮರಳಿ ಕಟ್ಟಲಿಲ್ಲ. ಉಳಿದ ಮನೆಗಳು ಗತಿಯಿಲ್ಲದವರ ಮನೆಗಳೆಂಬ ಹಣೆಪಟ್ಟಿ ಹೊತ್ತವು. ಅವುಗಳ ನಿರ್ವಹಣೆಯನ್ನು ಬೇರೆ ಸಂಸ್ಥೆಗೆ ವಹಿಸಲಾಯಿತು. ಸಂಸ್ಥೆ ಗುತ್ತಿಗೆದಾರನಿಗೆ, ಗುತ್ತಿಗೆದಾರ ಉಪಗುತ್ತಿಗೆದಾರನಿಗೆ ವಹಿಸಿದ. ಆಯೋಗದ ಮುಂದೆ ಇವರೆಲ್ಲ ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ಇನ್ನು, ಎತ್ತರವೇ ಅಪಾಯವಾದರೆ ಅದೇ ಲಂಡನ್ನಿನ ಬಾರ್ಬಿಕನ್‌ನ 40ಕ್ಕೂ ಹೆಚ್ಚು ಮಹಡಿಗಳ ಗೋಪುರಗಳಲ್ಲಿ ಉಳ್ಳವರು ನೆಮ್ಮದಿಯಿಂದ ಇರುವುದು ಹೇಗೆ? ಕೊಂದದ್ದು ಎತ್ತರವಲ್ಲ, ಅಸಡ್ಡೆ.

ಈ ಅಸಡ್ಡೆಗೆ ಬೆಂಕಿಯೇ ಬೇಕೆಂದಿಲ್ಲ. ರೋಚ್‌ಡೇಲ್ ಪಟ್ಟಣದಲ್ಲಿ, ವಸತಿ ಸಂಸ್ಥೆಯೊಂದರ ಒಂದು ಕೋಣೆಯ ಫ್ಲ್ಯಾಟ್‌ನಲ್ಲಿದ್ದ ಸುಡಾನ್ ಮೂಲದ ದಂಪತಿಯ ಎರಡು ವರ್ಷದ ಮಗು ಅವಾಬ್ ಇಸ್ಹಾಕ್ 2020ರ ಡಿಸೆಂಬರ್‌ನಲ್ಲಿ ಸತ್ತಿತು. ಗೋಡೆಯ ಬೂಷ್ಟು ಶ್ವಾಸಕೋಶವನ್ನು ಹಾಳುಮಾಡಿತ್ತು. ತಂದೆ 2017ರಿಂದಲೇ ದೂರುತ್ತಿದ್ದರು. ಬಣ್ಣ ಬಳಿಯಿರಿ ಎಂಬ ಸಲಹೆ ಸಿಕ್ಕಿತ್ತು. ಈ ಕುಟುಂಬದ ಜೀವನಶೈಲಿಯೇ, ಧಾರ್ಮಿಕ ಸ್ನಾನದ ಪದ್ಧತಿಯೇ ತೇವಕ್ಕೆ ಕಾರಣವಿರಬೇಕೆಂದು ಸಂಸ್ಥೆ ಊಹಿಸಿತ್ತು. ಗಾಳಿಯಾಡದ ಮನೆ ಕೊಟ್ಟವರು ನಿರಪರಾಧಿಗಳು, ನೀರು ಬಳಸಿದವರು ಅಪರಾಧಿಗಳು! ಆ ಮಗುವಿನ ಹೆಸರಿನ ಕಾನೂನು ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರ್ 27ರಂದು ಜಾರಿಗೆ ಬಂದಿದೆ. ಸಮಾಜಿಕ ವಸತಿಯ ಮಾಲಿಕರು ಅಪಾಯಕಾರಿ ತೇವ ಮತ್ತು ಬೂಷ್ಟನ್ನು ಗೊತ್ತುಪಡಿಸಿದ ಗಡುವಿನೊಳಗೆ ಪರಿಶೀಲಿಸಿ ಸರಿಪಡಿಸಬೇಕು. ಸ್ವಾಗತಾರ್ಹ. ಆದರೆ ಅದಕ್ಕೂ ಒಂದು ಶವ ಬೇಕಾಯಿತು.

ಗ್ರೆನ್‌ಫೆಲ್‌ನ ಆ ರಾತ್ರಿ ರಮಝಾನ್ ತಿಂಗಳಿನದ್ದು. ಸಹರಿಗಾಗಿ ಎಚ್ಚರವಿದ್ದ ಮುಸ್ಲಿಮರು ನೆರೆಯವರ ಬಾಗಿಲು ಬಡಿದು ಎಬ್ಬಿಸಿದರು. ಅಲ್ ಮನಾರ್ ಮಸೀದಿ ಹಾಗೂ ಸುತ್ತಲಿನ ಚರ್ಚುಗಳು ಜಾತಿ ಮತ ನೋಡದೆ ಬಾಗಿಲು ತೆರೆದವು. ಅಂದಿನಿಂದ ಇಂದಿನವರೆಗೂ ಈ ಕಥೆಯನ್ನು ನಮ್ಮ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಲಾಗುತ್ತಿದೆ. ಹೆಮ್ಮೆ ಸಹಜ. ಆದರೆ ಅಲ್ಲಿಗೇ ನಿಲ್ಲುವುದು ನ್ಯಾಯವೇ? ದುರಂತದ ನಂತರದ ದಿನಗಳಲ್ಲಿ ಉಪವಾಸಿಗರ ಧಾರ್ಮಿಕ ಅಗತ್ಯಗಳನ್ನು ಆಡಳಿತ ಗಮನಿಸಲಿಲ್ಲ ಎಂದು ಅದೇ ಆಯೋಗದ ವರದಿ ದಾಖಲಿಸಿದೆ. ಅದನ್ನು ಎಷ್ಟು ವೇದಿಕೆಗಳಲ್ಲಿ ಹೇಳಲಾಯಿತು? ಬಾಗಿಲು ಬಡಿದವರಷ್ಟೇ ಗೌರವಾರ್ಹರು, ಅದಕ್ಕೂ ವರ್ಷಗಳ ಮೊದಲಿನಿಂದ ಅರ್ಜಿ ಬರೆದು ಬೈಸಿಕೊಂಡವರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು, ಯಾವ ಧರ್ಮಕ್ಕೂ ಸೇರದವರೂ ಇದ್ದರು. ನಾವು ಪರಿಹಾರ ಕಾರ್ಯದಲ್ಲಿ ಮುಂದು. ಕಂಬಳಿ, ಊಟ, ಹಣ ಎಲ್ಲವನ್ನೂ ರಾತ್ರೋರಾತ್ರಿ ಒಟ್ಟುಗೂಡಿಸುತ್ತೇವೆ. ಆದರೆ ಅವಘಡಕ್ಕೆ ಮುಂಚೆ ಪ್ರಶ್ನೆ ಕೇಳುವವನನ್ನು ನಮ್ಮ ಸಮುದಾಯವೂ ಜಗಳಗಂಟನೆಂದೇ ಕರೆಯುತ್ತದೆ. ಜೀವ ಉಳಿಸುವುದು ಪುಣ್ಯ ಎಂದಾದರೆ, ಜೀವ ಹೋಗದಂತೆ ಮೊದಲೇ ಕೇಳುವುದು ಅದಕ್ಕಿಂತ ಕಡಿಮೆಯ ಪುಣ್ಯವೇ?

ಪಾಠ ಕಲಿತಾಯಿತೆಂದು ಭಾವಿಸುವಂತೆಯೂ ಇಲ್ಲ. 2025ರ ನವೆಂಬರ್ 26ರಂದು ಹಾಂಕಾಂಗ್‌ನ ತಾಯ್ ಪೊ ಪ್ರದೇಶದಲ್ಲಿ, ಸರಕಾರದ ಸಹಾಯಧನ ಯೋಜನೆಯಲ್ಲಿ 1983ರಲ್ಲಿ ಕಟ್ಟಿದ್ದ ವಾಂಗ್ ಫುಕ್ ಕೋರ್ಟ್ ಎಂಬ ಸಮುಚ್ಚಯದ ಎಂಟು ಗೋಪುರಗಳಲ್ಲಿ ಏಳು ಹೊತ್ತಿ ಉರಿದವು. 150ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಇಂಡೋನೇಷ್ಯಾ ಮತ್ತು ಫಿಲಿಪ್ಪೀನ್ಸ್‌ನಿಂದ ಬಂದ ಮನೆಗೆಲಸದ ಹೆಣ್ಣುಮಕ್ಕಳೂ ಇದ್ದರು. ಅಲ್ಲೂ ನಡೆಯುತ್ತಿದ್ದುದು ನವೀಕರಣವೇ. ಅಲ್ಲೂ ಕಟ್ಟಡಕ್ಕೆ ಹೊರಗಿನಿಂದ ಸುತ್ತಿದ್ದ ಬಲೆ ಮತ್ತು ಕಿಟಕಿಗಳಿಗೆ ಅಂಟಿಸಿದ್ದ ಫೋಮ್ ಹಲಗೆಗಳು ಬೆಂಕಿಯನ್ನು ಹೊತ್ತೊಯ್ದವು. ಅಲ್ಲೂ ನಿವಾಸಿಗಳು ಒಂದು ವರ್ಷ ಮೊದಲೇ ದೂರಿದ್ದರು. ಬೆಂಕಿಯ ಅಪಾಯ ಕಡಿಮೆ ಎಂಬ ಉತ್ತರ ಸಿಕ್ಕಿತ್ತು.

ಲಂಡನ್, ಹಾಂಕಾಂಗ್‌ಗಳು ನಮಗೆ ದೂರವೆಂದು ಯಾರಾದರೂ ಹೇಳಿಯಾರು. 2024ರ ಜೂನ್ 12ರಂದು ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ತಗುಲಿ ಸತ್ತ ಸುಮಾರು 50 ಮಂದಿಯಲ್ಲಿ ಹೆಚ್ಚಿನವರು ಭಾರತೀಯರು. ಗಲ್ಫ್‌ನಲ್ಲಿ ಮಗನನ್ನೋ ಅಳಿಯನನ್ನೋ ಬಿಟ್ಟಿರುವ ಮನೆಗಳು ನಮ್ಮ ಪಟ್ಟಣಗಳಲ್ಲಿ ಎಷ್ಟಿಲ್ಲ? ಅವನು ಮಲಗುವ ಕಟ್ಟಡಕ್ಕೆ ಎಷ್ಟು ಮೆಟ್ಟಿಲುಗಳಿವೆ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಆದ್ದರಿಂದ ಬ್ರಿಟನ್‌ನ ಸರಕಾರದ ಮುಂದೆ ಗ್ರೆನ್‌ಫೆಲ್‌ನ ಕುಟುಂಬಗಳು ಇಟ್ಟಿರುವ ಬೇಡಿಕೆ ನ್ಯಾಯವಾದುದು ಮತ್ತು ಸರಳವಾದುದು. ತಪ್ಪಿತಸ್ಥರನ್ನು ನ್ಯಾಯಾಲಯಕ್ಕೆ ತನ್ನಿ. ಉರಿಯುವ ಹೊದಿಕೆ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಕಿತ್ತು ಹಾಕಿ. ಬಾಡಿಗೆದಾರನ ದೂರಿಗೆ ಮಾಲಿಕನ ಮಾತಿನಷ್ಟೇ ತೂಕ ಕೊಡಿ. ಕಟ್ಟಡ ನೆಲಸಮವಾದಾಗ ಈ ಬೇಡಿಕೆಗಳೂ ಅದರೊಂದಿಗೆ ನೆಲಸಮವಾಗಬಾರದು. ಸ್ಮಾರಕ ಕಟ್ಟುವುದು ಸುಲಭ, ಹೊಣೆಗಾರರನ್ನು ಹೆಸರಿಸಿ ಕಟಕಟೆಯಲ್ಲಿ ನಿಲ್ಲಿಸುವುದು ಕಷ್ಟ. ಪ್ರಭುತ್ವಕ್ಕೆ ಆ ಕಷ್ಟದ ಕೆಲಸವನ್ನು ಮಾಡುವ ಮನಸ್ಸಿದೆಯೇ ಎಂಬುದನ್ನು ಆ 72 ಮಂದಿಯ ಬಂಧುಗಳು ಕಾದು ನೋಡುತ್ತಿದ್ದಾರೆ. ಅವರು ಕಾದದ್ದು ಸಾಕು.