ಕೆರೆಯ ಕಳೆ ಮತ್ತು ಚಳಿಗಾಲದ ಅತಿಥಿಗಳು

ಪೊವಾಯಿ ಕೆರೆಯ ದಂಡೆಯಲ್ಲಿ ನಿಂತವರಿಗೆ ಎಷ್ಟೋ ಸಲ ನೀರಿಗಿಂತ ಹಸಿರೇ ಹೆಚ್ಚು ಕಾಣುತ್ತದೆ. ಹುಲ್ಲುಗಾವಲೆಂದು ಮೆಚ್ಚಿ ಫೋಟೋ ತೆಗೆಸಿಕೊಂಡವರೂ ಇರಬಹುದು! ಮರಾಠಿಗರು ಜಲಪರ್ಣಿ ಎನ್ನುವ, ದಕ್ಷಿಣ ಅಮೆರಿಕ ಮೂಲದ ಈ ಕಳೆ ಬ್ರಿಟಿಷರ ಕಾಲದಲ್ಲಿ ತನ್ನ ನೇರಳೆ ಹೂವಿನ ಚೆಂದದಿಂದಾಗಿ ಭಾರತಕ್ಕೆ ಬಂತು. ಅನುಕೂಲ ಸಿಕ್ಕಿದರೆ ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಯಾವ ಬ್ಯಾಂಕಿನ ಚಕ್ರಬಡ್ಡಿಯೂ ಇದಕ್ಕೆ ಸಾಟಿಯಲ್ಲ. ಅದು ಚಾಪೆಯಂತೆ ಹರಡಿದರೆ ಬೆಳಕು ಒಳಗಿಳಿಯದು, ಆಮ್ಲಜನಕ ಕುಗ್ಗಿ ಮೀನು ಸಾಯುತ್ತದೆ. ಉತ್ತರದಿಂದ ಬರುವ ಬಾತುಗಳಿಗೆ ಇಳಿಯಲು ತೆರೆದ ನೀರೇ ಇರುವುದಿಲ್ಲ.

ಕಿತ್ತು ಹಾಕಿದರಾಯಿತು ಎನ್ನುವವರು ಭರತ್‌ಪುರದ ಕಥೆ ಕೇಳಬೇಕು. ರಾಜಸ್ಥಾನದ ಆ ಪಕ್ಷಿಧಾಮದಲ್ಲಿ 1982ರಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಲಾಯಿತು. ಹಳ್ಳಿಗರು ಪ್ರತಿಭಟಿಸಿದರು, ಘರ್ಷಣೆಯಲ್ಲಿ ಜೀವಗಳೂ ಹೋದವು. ಕ್ರಮ ಹಕ್ಕಿಗಳ ಹಿತಕ್ಕೇ ಆಗಿತ್ತು. ಆದರೆ ಎಮ್ಮೆಗಳು ಮೇಯದೆ ಪ್ಯಾಸ್ಪಲಮ್ ಎಂಬ ಹುಲ್ಲು ಕೊಳಗಳನ್ನೇ ತುಂಬಿಬಿಟ್ಟಿತು. ನಿಷೇಧದಿಂದ ಹಕ್ಕಿಗಳಿಗೇ ನಷ್ಟವಾಗಿದೆ ಎಂದು ಹೇಳಿದ್ದು ಇದೇ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅದೂ ವರ್ಷಗಟ್ಟಲೆ ಅಧ್ಯಯನ ಮಾಡಿದ ಮೇಲೆ. ನೀರಿನ ಕೊರತೆಯೂ ಸೇರಿ 1990ರಲ್ಲಿ ಭರತ್‌ಪುರ ರಾಮ್ಸರ್ ಒಪ್ಪಂದದ ಅಪಾಯದ ಪಟ್ಟಿಗೆ ಬಿತ್ತು. ಎಮ್ಮೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಸರಕಾರ ಹಣ ಸುರಿಯಬೇಕಾಯಿತು.

ಒಡಿಶಾದ ಚಿಲಿಕಾ ಸರೋವರದಲ್ಲಿ ಆದದ್ದೇ ಬೇರೆ. 2000ದಲ್ಲಿ ಸಮುದ್ರಕ್ಕೆ ಹೊಸ ಅಳಿವೆ ತೆರೆದೊಡನೆ ಉಪ್ಪುನೀರು ಒಳಬಂದು ಸಿಹಿನೀರಿನ ಕಳೆ ಹಿಂಜರಿಯಿತು. 2002ರಲ್ಲಿ ಸರೋವರ ಅದೇ ಅಪಾಯದ ಪಟ್ಟಿಯಿಂದ ಹೊರಬಂತು. ಅಲ್ಲಿ ಕಳೆಯ ಬದಲು ಕಳೆಯ ಕಾರಣಕ್ಕೆ ಕೈಹಾಕಿದ್ದರು.

ಪೊವಾಯಿಯಲ್ಲಿ ಆ ಕಾರಣ ಕೊಳಚೆ. ಸುತ್ತಲಿನ ವಸತಿಗಳ ಮೋರಿನೀರೇ ಕಳೆಗೆ ಗೊಬ್ಬರ. ಪಾಲಿಕೆ ಯಂತ್ರ ಇಳಿಸಿ ಕೀಳಿಸುತ್ತದೆ, ಕೆಸರಿನ ಬೀಜ ಮತ್ತೆ ಮೊಳೆಯುತ್ತದೆ. ಕಿತ್ತದ್ದನ್ನು ದಂಡೆಯಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಅದೂ ವಾಪಸು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣವಾಯಿತೆಂದು ಊರಿನವರಿಗೆ ಹೆಮ್ಮೆ. ಅದೇ ಅಭಿಮಾನ ಅನ್ನ ಕೊಟ್ಟ ಊರಿನ ಕೆರೆಗೂ ಸಲ್ಲಬೇಡವೇ? ಕನ್ನಡ ಸಂಘಗಳು ಅರ್ಧ ದಿನ ಶ್ರಮದಾನ ಮಾಡಿ, ಬ್ಯಾನರಿನೆದುರು ನಿಂತು ಮರಳುವುದು ತಪ್ಪಲ್ಲ, ಸಾಲದು. ಯಾವ ಮೋರಿ ಎಲ್ಲಿ ಕೆರೆಗೆ ಸೇರುತ್ತದೆ, ಅದನ್ನು ಎಂದು ತಿರುಗಿಸುತ್ತೀರಿ ಎಂದು ಪಾಲಿಕೆಯನ್ನು ಲಿಖಿತವಾಗಿ ಕೇಳಬೇಕು, ಅಕ್ಟೋಬರಿನಲ್ಲಿ ಹಕ್ಕಿಗಳು ಬರತೊಡಗುವ ಮೊದಲೇ.